ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಚೀನ ಭಾಷೆಗಳ ಅಧ್ಯಯನ

ಶಾಸ್ತ್ರಾಧ್ಯಯನವೆಂದೊಡನೆ ನಮ್ಮ ಜನರ ಮನಸ್ಸು ಕಾಶಿಯ ಕಡೆಗೆ ಓಡುವದು. ಆಧುನಿಕ ಪದ್ಧತಿಯ ಸಂಶೋಧನವೆಂದೊಡನೆ ಪುಣೆ, ಮುಂಬಯಿ, ಮೈಸೂರುಗಳ ಕಡೆಗೆ. ಕನ್ನಡವೂ ಮರಾಠಿಯೂ ಕೂಡುವ ಗಡಿನಾಡಿನ ಒಂದು ಸಂಸ್ಥಾನದ ಸಣ್ಣ ಕಾಲೇಜಿನಲ್ಲಿ ಕಳೆದ ಶತಮಾನದಲ್ಲಿ ನಡೆದ ಭಾಷಾವ್ಯಾಸಂಗದ ವೃತ್ತಾಂತವನ್ನು ಸದ್ಭಕ್ತರ ಮುಂದಿಡಬೇಕೆಂದು ಈ ಲೇಖಕನು ಬಹು ದಿನಗಳಿಂದ ಬಯಸಿದ್ದನು. ಶ್ರೀಮಠದ ಮಹೋತ್ಸವದ ಈ ಸಂಚಿಕೆಯು ಅದಕ್ಕೆ ಅವಕಾಶವನ್ನು ಕೊಟ್ಟಿರುವದು.

ಕೊಲ್ಹಾಪುರವು ನಮ್ಮವರಿಗೆ ಅಪರಿಚಿತವಾದ ಊರಲ್ಲ. ಸಮೀಪದ ಕಣೇರಿಯಲ್ಲಿ ಕಾಡಸಿದ್ಧೇಶ್ವರ ಮಠವಿರುವದು. ಆ ಸೀಮೆಯನ್ನಾಳಿದ ಶಿಲಾಹಾರರು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಶಾಸನಗಳನ್ನು ಬರೆಯಿಸಿದರು. ಅವರ ಕಡೆಯ ಪ್ರಸಿದ್ಧ ದೊರೆಯಾದ ಎರಡನೆಯ ಭೋಜನ ಕಾಲದಲ್ಲಿ, 1205ರಲ್ಲಿ, ಈಗಿನ ಆಜರಾ ಎಂಬ ಊರಿನಲ್ಲಿ ಕುಳಿತು ಸೋಮದೇವನೆಂಬ ಪಂಡಿತನು ಜೈನೇಂದ್ರ ವ್ಯಾಕರಣಕ್ಕೆ 'ಶಬ್ದಾರ್ಣವಚಂದ್ರಿಕೆ'ಯೆಂಬ ವೃತ್ತಿಯನ್ನು ರಚಿಸಿದನು. ಇಂಥ ನೆಲದಲ್ಲಿ 1880ರಲ್ಲಿ ರಾಜಾರಾಮ ಕಾಲೇಜು ಸ್ಥಾಪಿತವಾಯಿತು. ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಾಲೇಜಿಗೆ ರಾಜಧಾನಿಗಳ ಮಹಾವಿದ್ಯಾಲಯಗಳ ವೈಭವವಿರಲಿಲ್ಲ.

ಈ ಕಾಲೇಜಿಗೆ 1930ರಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಬಂದವರು ಆದಿನಾಥ ನೇಮಿನಾಥ ಉಪಾಧ್ಯೆಯವರು. 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಹುಟ್ಟಿದ ಇವರು 1962ರ ವರೆಗೆ, ಅಂದರೆ 32 ವರ್ಷ, ಅಲ್ಲಿಯೇ ಪಾಠ ಹೇಳಿದರು. ಅರ್ಧಮಾಗಧಿಯಂಥ ವಿಷಯಕ್ಕೆ ವಿದ್ಯಾರ್ಥಿಗಳ ನೂಕುನುಗ್ಗಲು ಎಲ್ಲಿಯೂ ಇರುವದಿಲ್ಲ. ಜೈನಾಗಮಗಳ ಭಾಷೆಯನ್ನು ಕಲಿತು ಹೊಟ್ಟೆ ಹೊರೆಯುವದೆಂತು ಎಂದು ಕೇಳುವವರೇ ಹೆಚ್ಚು.

ಆ ಭಾಷೆಯಿಂದ ನಮಗೇನು ಎಂದು ನಮ್ಮ ಭಕ್ತರೂ ಕೇಳಬಹುದು. ಕೇಶಿರಾಜನು 13ನೆಯ ಶತಮಾನದಲ್ಲಿ ಬರೆದ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶಪ್ರಕರಣವೆಂಬುದೊಂದಿದೆ. ಸಂಸ್ಕೃತದ ಇಂಥ ಅಕ್ಷರವು ಕನ್ನಡದಲ್ಲಿ ಇಂಥದಾಗುವದೆಂದು ಅಲ್ಲಿ ವಿಧಿಸಿದೆ. ಈ ಲೇಖಕನು ಪಾಠಶಾಲೆಯಲ್ಲಿ ಅದನ್ನು ಕಂಠಪಾಠ ಮಾಡಿದವನು. ವಿದ್ಯೆಯು ಬಿಜ್ಜೆಯಾಗುವದೆಂದು ಒಪ್ಪಿಸಿ ಗುರುಗಳಿಂದ ಸೈ ಎನ್ನಿಸಿಕೊಂಡದ್ದೂ ಉಂಟು. ಆದರೆ 'ದ್ಯ' ಎಂಬುದು 'ಜ್ಜ' ಆದುದೇಕೆಂದು ಕೇಳುವ ಬುದ್ಧಿ ಆಗ ಹುಟ್ಟಲಿಲ್ಲ, ಹೇಳುವವರೂ ಇರಲಿಲ್ಲ. ನಡುವೆ 'ವಿಜ್ಜಾ' ಎಂಬ ಪ್ರಾಕೃತರೂಪವು ನಿಂತಿರುವದೆಂಬುದು ತಿಳಿದುದು ತಲೆ ನರೆತ ಮೇಲೆ. ದಿನಕ್ಕೆ ಎಷ್ಟು ಸಲ ನಾವು ಉಚ್ಚರಿಸುವ 'ಬಸವ' ಎಂಬ ನಾಮವೇ ಸಂಸ್ಕೃತದ 'ವೃಷಭ'ದಿಂದ ನೆಟ್ಟಗೆ ಇಳಿದು ಬಂದುದಲ್ಲ. 'ವಸಹ' ಎಂಬ ಪ್ರಾಕೃತದ ಹಾದಿಯಲ್ಲಿ ನಡೆದು ಬಂದುದು. ಪ್ರಾಕೃತವನ್ನು ಪರಮತದ ಭಾಷೆಯೆಂದು ಬದಿಗೆ ಸರಿಸಿದವನು ತನ್ನ ಮನೆಯ ಹೆಸರನ್ನೇ ಅರಿಯದೆ ಹೋಗುವನು.

ಉಪಾಧ್ಯೆಯವರು 1935ರಲ್ಲಿ ಕುಂದಕುಂದಾಚಾರ್ಯರ 'ಪ್ರವಚನಸಾರ'ವನ್ನು ದೀರ್ಘ ಪೀಠಿಕೆಯೊಡನೆ ಸಂಪಾದಿಸಿದರು. 1937ರಲ್ಲಿ 'ಪರಮಾತ್ಮಪ್ರಕಾಶ', 1943ರಲ್ಲಿ 'ಬೃಹತ್ಕಥಾಕೋಶ', 1949ರಲ್ಲಿ 'ಲೀಲಾವತಿ', 1959ರಲ್ಲಿ 'ಕುವಲಯಮಾಲಾ'ದ ಮೂಲ, ಹೀಗೆ ಗ್ರಂಥಗಳ ಸಾಲೇ ಹೊರಬಿದ್ದಿತು. ಇವುಗಳಲ್ಲಿ 1938ರ 'ವರಾಂಗಚರಿತ'ದ ವಿಚಾರವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಇದು ಸಂಸ್ಕೃತಕಾವ್ಯ. ಓಲೆಯ ಪ್ರತಿಯು ದೊರೆತುದು ಕೊಲ್ಹಾಪುರದ ಲಕ್ಷ್ಮೀಸೇನ ಮಠದಲ್ಲಿ, ಲಿಪಿಯು ಹಳಗನ್ನಡದ್ದು. ಕಾಲೇಜಿನಿಂದ ಮಠಕ್ಕೆ ಎಷ್ಟು ದೂರ? ಒಂದೇ ಊರು. ಆದರೂ ಆ ಕಟ್ಟನ್ನು ಬಿಚ್ಚಿ ಓದಲು ಲಿಪಿಯನ್ನೂ ಭಾಷೆಯನ್ನೂ ಎರಡನ್ನೂ ಬಲ್ಲವರೊಬ್ಬರು ಬರಬೇಕಾಯಿತು. ಕಾವ್ಯದೊಳಗೆ ಕವಿಯು ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಹೆಸರಿಲ್ಲದ ಕಾವ್ಯವು ತಂದೆಯಿಲ್ಲದ ಕೂಸಿನಂತೆ. ಯಾರು ಬೇಕಾದರೂ ತಮ್ಮದೆನ್ನಬಹುದು. ಸಂಪಾದಕರಿಗೆ ಇಲ್ಲಿ ನೆರವಾದುದು ಕನ್ನಡ. 978ರಲ್ಲಿ ಚಾವುಂಡರಾಯನು ಬರೆದ ಕನ್ನಡ ಗದ್ಯಪುರಾಣದಲ್ಲಿ ಈ ಕಾವ್ಯದ ಶ್ಲೋಕಗಳು ಉದ್ಧೃತವಾಗಿವೆ. ಜೊತೆಗೆ ಜಟಾಸಿಂಹನಂದಿ ಆಚಾರ್ಯರ ಹೆಸರಿದೆ. ಕೊಪ್ಪಳದ ಬೆಟ್ಟದ ಬಂಡೆಯ ಮೇಲೆ ಆ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬ ಕನ್ನಡ ಲಿಖಿತವೂ ಇದೆ. ಸಂಸ್ಕೃತಕಾವ್ಯಕ್ಕೆ ಕನ್ನಡ ಪುರಾಣವು ಕರ್ತೃವಿನ ಹೆಸರನ್ನು ಕೊಟ್ಟಿತು. ಕನ್ನಡನಾಡಿನ ಬಂಡೆಯು ಆತನ ನೆಲೆಯನ್ನು ಸೂಚಿಸಿತು. ಸಂಸ್ಕೃತವೊಂದನ್ನೇ ಓದಿದ ಮಹಾಪಂಡಿತನಿಗೆ ಈ ಬೀಗವು ತೆರೆಯುತ್ತಿರಲಿಲ್ಲ. ಈ ಮಾತನ್ನು ಈ ಲೇಖಕನು ತನಗೂ ತನ್ನಂಥ ಪಾಠಶಾಲೆಯವರಿಗೂ ಸೇರಿಸಿಯೇ ಹೇಳುತ್ತಿರುವನು.

ಅದೇ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾಗಿದ್ದವರು ಕೆ. ಜಿ. ಕುಂದಣಗಾರ ಅವರು. ಉತ್ತರ ಕರ್ನಾಟಕದ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಅರಸಿ ಓದಿ 1939ರಲ್ಲಿ ಪ್ರಕಟಿಸಿದರು. ನೆರೆಯ ಸಾಂಗಲಿಯಲ್ಲಿ 1919ರಲ್ಲಿ ಹುಟ್ಟಿದ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು. ಅವರ 'ಕನ್ನಡ ಸಾಹಿತ್ಯ ಚರಿತ್ರೆ'ಯು 1953ರಲ್ಲಿ ಹೊರಬಂದಿತು. ಕುಂದಣಗಾರರು 1961ರಲ್ಲಿ ಗದಗಿನ ಸಾಹಿತ್ಯ ಸಮ್ಮೇಲನಕ್ಕೂ ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದ ಸಮ್ಮೇಲನಕ್ಕೂ ಅಧ್ಯಕ್ಷರಾದರು. ಮರಾಠಿ ಸೀಮೆಯ ಒಂದೇ ಕಾಲೇಜಿನಿಂದ ಇಬ್ಬರು! ಉಪಾಧ್ಯೆಯವರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಹಾಗೂ ಪ್ರಾಕೃತ ವಿಭಾಗವನ್ನು ನಡೆಯಿಸಿ 1975ರಲ್ಲಿ ತೀರಿಕೊಂಡರು.

ಸಣ್ಣ ಕಾಲೇಜಿನಲ್ಲಿ ಇಷ್ಟು ಕಾರ್ಯವು ಹೇಗೆ ಸಾಧಿಸಿತು? ಅಧ್ಯಾಪಕರ ಶ್ರಮವು ಮೊದಲನೆಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಓಲೆಗಳನ್ನು ಅದುವರೆಗೆ ಕಾದಿಟ್ಟ ಮಠವೂ, ಅವುಗಳನ್ನು ಕೈಗೆ ಕೊಟ್ಟ ಮಠಾಧಿಪತಿಗಳ ಔದಾರ್ಯವೂ ಇಲ್ಲದಿದ್ದರೆ ಆ ಶ್ರಮಕ್ಕೆ ವಸ್ತುವೇ ಇರುತ್ತಿರಲಿಲ್ಲವೆಂದು ಈ ಲೇಖಕನ ಅಭಿಪ್ರಾಯ. ಕಾಯುವವರೂ ಓದುವವರೂ ಒಂದೇ ಊರಿನಲ್ಲಿ ಇದ್ದರು, ಪರಸ್ಪರ ನಂಬಿದರು.

ಕೇಂದ್ರಸರಕಾರವು ಸಂಸ್ಕೃತಕ್ಕೆ 2005ರಲ್ಲಿಯೂ ಕನ್ನಡಕ್ಕೆ 2008ರಲ್ಲಿಯೂ ಪ್ರಾಕೃತಕ್ಕೆ 2024ರಲ್ಲಿಯೂ ಶಾಸ್ತ್ರೀಯ ಭಾಷೆಯೆಂಬ ಮನ್ನಣೆಯನ್ನು ಕೊಟ್ಟಿತು. ಮನ್ನಣೆಯು ಬಂದಿತು, ಮೂರನ್ನೂ ಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು. ನಮ್ಮ ಶ್ರೀಮಠದ ಅಟ್ಟದ ಮೇಲಿನ ಓಲೆಯ ಕಟ್ಟುಗಳನ್ನು ಈ ಮಹೋತ್ಸವದ ನಿಮಿತ್ತವಾಗಿ ಕೆಳಗಿಳಿಸಿ, ಧೂಳು ಒರೆಸಿ, ಹೊಸ ವಸ್ತ್ರವನ್ನು ಸುತ್ತಿ ಪೂಜಿಸಿದೆವು. ಒಳಗೆ ಯಾವ ಯಾವ ಗ್ರಂಥಗಳಿವೆಯೆಂಬ ಪಟ್ಟಿಯು ಇನ್ನೂ ಆಗಬೇಕಾಗಿದೆ.