ಶೋಧನೆಯೂ ಪ್ರಾರ್ಥನೆಯೂ

ನಮ್ಮ ಸಲಗರೆ ಸಾಂಗಲಿ ಜಿಲ್ಲೆ ಮಿರಜ ತಾಲೂಕಿನ ಗಡಿ ಹಳ್ಳಿ. ಇಲ್ಲಿಯ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತಾಡುತ್ತಾರೆ. ಒಂದು ಶಬ್ದ ಎರಡೂ ಕಡೆ ಬೇರೆ ಬೇರೆ ಅರ್ಥ ಕೊಟ್ಟು ತರಗತಿಯಲ್ಲಿ ಗೊಂದಲವಾಗುವುದು ನಮಗೆ ಹೊಸದಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿ ಯಾರೋ ಕೊಟ್ಟ ಕನ್ನಡದ ಹೊಸ ಒಡಂಬಡಿಕೆ ತಂದು ಕೇಳಿದ: "ಸರ್, ಶೋಧ ಅಂದ್ರ ಹುಡುಕೂದಲ್ರಿ? ಮತ್ತ ಇವರು ಶೋಧನೆ ಬ್ಯಾಡ ಅಂತ ದೇವರನ್ನ ಯಾಕ ಬೇಡ್ತಾರ?"

ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ನಾನು ಕ್ರೈಸ್ತನಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಅಲ್ಲಿಯ ಪೆಯಿರಾಸ್ಮೋಸ್ ಎಂಬ ಶಬ್ದಕ್ಕೆ ಪರೀಕ್ಷೆ ಎಂದೂ ಅರ್ಥ, ಆಸೆ ತೋರಿಸಿ ದಾರಿ ತಪ್ಪಿಸುವುದು ಎಂದೂ ಅರ್ಥ. ಕನ್ನಡ ಬೈಬಲಿನಲ್ಲಿ ಅದು 'ಶೋಧನೆ' ಆಯಿತು, ಮರಾಠಿಯಲ್ಲಿ 'ಪರೀಕ್ಷಾ' ಆಯಿತು. ಇಡೀ ಬೈಬಲನ್ನು ಮೊದಲು ಕನ್ನಡಕ್ಕೆ ತಂದ ಕೆಲಸದಲ್ಲಿ ಮುಂದಾಳು ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್. 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತ ಇವರ ಶ್ರಮ 1831ರ ಹೊತ್ತಿಗೆ ಪೂರ್ಣವಾಯಿತು. ಅನುವಾದದ ಈ ತೊಡಕು ಇಂದಿಗೂ ಮುಗಿದಿಲ್ಲ. ದೇವರೇ ಮನುಷ್ಯನನ್ನು ಶೋಧನೆಗೆ ಒಯ್ಯುತ್ತಾನೆಂಬ ಅರ್ಥ ಬರಬಾರದೆಂದು ಇಟಲಿಯ ಕ್ಯಾಥೊಲಿಕ್ ಚರ್ಚುಗಳು 2020ರಲ್ಲಿ ತಮ್ಮ ಪ್ರಾರ್ಥನೆಯ ಆ ಸಾಲನ್ನೇ ಬದಲಿಸಿದವು. ಶೋಧನೆಯಲ್ಲಿ ನಮ್ಮನ್ನು ಕೈಬಿಡಬೇಡ ಎಂಬ ಭಾವ ಈಗ ಅಲ್ಲಿದೆ.

ಈ ಹೋರಾಟದ ಮೊದಲ ಮಾದರಿ ಯೇಸುವೇ. ಅಡವಿಯಲ್ಲಿ 40 ದಿನ ಉಪವಾಸವಿದ್ದಾಗ ಸೈತಾನನು ರೊಟ್ಟಿ, ಹೆಸರು, ಅಧಿಕಾರ ಎಂಬ ಮೂರು ಆಸೆ ತೋರಿಸಿದನೆಂದು ಸುವಾರ್ತೆ ಹೇಳುತ್ತದೆ. ಯೇಸು ಮೂರಕ್ಕೂ ಧರ್ಮಗ್ರಂಥದ ಮಾತಿನಿಂದಲೇ ಉತ್ತರ ಕೊಟ್ಟನು. ನಾಲ್ಕನೆಯ ಶತಮಾನದಲ್ಲಿ ಈಜಿಪ್ತಿನ ಮರಳುಗಾಡಿಗೆ ಹೋದ ಸನ್ಯಾಸಿಗಳು ಈ ದಾರಿಯನ್ನೇ ಹಿಡಿದರು. ಅವರಲ್ಲಿ ಎವಾಗ್ರಿಯಸ್ ಎಂಬವರು 399ರಲ್ಲಿ ತೀರಿಕೊಂಡರು. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಬೇಸರ, ಹೆಸರಿನ ಹಂಬಲ, ಗರ್ವ ಎಂದು ಮನಸ್ಸನ್ನು ಕಾಡುವ ಎಂಟು ಯೋಚನೆಗಳನ್ನು ಅವರು ಗುರುತಿಸಿದರು. ಪ್ರತಿಯೊಂದಕ್ಕೂ ಎದುರುತ್ತರವಾಗಿ ಹೇಳಿಕೊಳ್ಳಲು ಬೈಬಲಿನ ಚಿಕ್ಕ ಚಿಕ್ಕ ವಚನಗಳನ್ನು ಆರಿಸಿ ಒಂದು ಪುಸ್ತಕವನ್ನೇ ಮಾಡಿದರು. ಕೆಟ್ಟ ಯೋಚನೆ ಬಂದಾಗ ಅದರೊಂದಿಗೆ ವಾದಕ್ಕೆ ಕೂಡಬಾರದು, ಅದರ ಹೆಸರು ಹಿಡಿದು ಗುರುತಿಸಿ ಕೂಡಲೇ ದೇವರ ಕಡೆ ತಿರುಗಬೇಕು ಎಂಬುದು ಅವರ ಕ್ರಮ.

ಅದೇ ಮರಳುಗಾಡಿನ ಇನ್ನೊಂದು ಕಥೆ ನನಗೆ ಬಹಳ ಹಿಡಿಸಿತು. ಕುಳ್ಳ ಯೋಹಾನ ಎಂಬ ಸನ್ಯಾಸಿ ತನ್ನ ಆಸೆಗಳನ್ನೆಲ್ಲ ತೆಗೆದುಹಾಕೆಂದು ದೇವರನ್ನು ಬೇಡಿದನಂತೆ. ಮನಸ್ಸು ಶಾಂತವಾಯಿತು. ಇದನ್ನು ಹಿರಿಯರೊಬ್ಬರಿಗೆ ಹೇಳಿದಾಗ ಅವರು, ಹೋರಾಟ ಮರಳಿ ಬರಲಿ ಎಂದು ಬೇಡಿಕೋ, ಆತ್ಮ ಬೆಳೆಯುವುದು ಹೋರಾಟದಲ್ಲಿಯೇ ಎಂದರಂತೆ. ಅಂದಿನಿಂದ ಯೋಹಾನನು ಹೋರಾಟ ತಪ್ಪಿಸು ಎಂದು ಬೇಡದೆ, ತಾಳುವ ಬಲ ಕೊಡು ಎಂದು ಬೇಡತೊಡಗಿದನು.

ಇನ್ನು ನಮ್ಮ ಸೀಮೆಗೆ ಬರೋಣ. ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಇಂದಿನ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಆದರೆ ದೀಕ್ಷೆಯೊಂದಿಗೆ ಒಳಗಿನ ತಳಮಳ ನಿಲ್ಲಲಿಲ್ಲ. ಧರ್ಮ ಸಿಕ್ಕಿತು, ಮನಸ್ಸಿಗೆ ನೆಮ್ಮದಿ ಸಿಕ್ಕಲು ಇನ್ನೂ ಹಲವು ವರ್ಷ ಬೇಕಾಯಿತು ಎಂಬ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಳ್ಳುವವರು ವಿರಳ. ಪುಣೆ ಬಳಿಯ ಕೇಡಗಾವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ವಿಧವೆಯರೂ ಬರದಿಂದ ಪಾರಾಗಿ ಬಂದ ಹೆಣ್ಣುಮಕ್ಕಳೂ ಇದ್ದರು. 1905ರಲ್ಲಿ ಅಲ್ಲಿ ನೂರಾರು ಹೆಂಗಸರು ದಿನಾಲು ಪ್ರಾರ್ಥನೆಗೆ ಸೇರಿದರು. ಎಷ್ಟೋ ಜನ ಮನದೊಳಗೆ ಮುಚ್ಚಿಟ್ಟ ತಪ್ಪುಗಳನ್ನು ಅಳುತ್ತ ಒಪ್ಪಿಕೊಂಡರು. ಒಬ್ಬಳೇ ಹೊತ್ತುಕೊಂಡಿದ್ದ ಗುಟ್ಟು ಬಾಯಿಂದ ಹೊರಬಿದ್ದಾಗ ಅದರ ಭಾರ ಇಳಿಯುತ್ತದೆ. ಮೂಲ ಭಾಷೆಗಳನ್ನು ಕಲಿತು ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸ ಮುಗಿಸಿ ರಮಾಬಾಯಿ 1922ರಲ್ಲಿ ತೀರಿಕೊಂಡರು.

ಮಿತ್ರರೆ, ಇದನ್ನೆಲ್ಲ ಶಿಕ್ಷಕನಾದ ನಾನೇಕೆ ಬರೆಯುತ್ತೇನೆ? ನೌಕರಿಯ ಆರಂಭದಲ್ಲಿ ಒಂದು ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಕನಾಗಿದ್ದೆ. ಹಿಂದಿನ ಬೆಂಚಿನಲ್ಲಿ ಒಂದು ಚೀಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಫಲಿತಾಂಶ ಬಿದ್ದರೆ ಪಾಲಕರು ಮಕ್ಕಳನ್ನು ಮರಾಠಿ ಶಾಲೆಗೆ ಒಯ್ಯುತ್ತಾರೆ, ಪಟಸಂಖ್ಯೆ ಇಳಿದರೆ ಕನ್ನಡ ಶಾಲೆಗೇ ಕುತ್ತು. ಕನ್ನಡದ ಸಲುವಾಗಿ ನೋಡದಂತೆ ಇದ್ದುಬಿಡು ಎಂದಿತು ಮನಸ್ಸು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇಂದಿಗೂ ಆ ಕಿಟಕಿ ನೆನಪಿದೆ. ಶೋಧನೆ ಯಾವಾಗಲೂ ಕೆಟ್ಟ ವೇಷದಲ್ಲಿ ಬರುವುದಿಲ್ಲ, ಒಳ್ಳೆಯ ಕಾರಣ ತೊಟ್ಟುಕೊಂಡೇ ಬರುತ್ತದೆ. ಅಂದು ಒಂದು ಕ್ಷಣ ನಿಂತು, ಇದು ಆಸೆ, ಇದು ಭಯ ಎಂದು ಹೆಸರಿಟ್ಟು ನನಗಿಂತ ದೊಡ್ಡವನ ಮುಂದೆ ಇಟ್ಟಿದ್ದರೆ ಬಹುಶಃ ಮುಖ ತಿರುಗುತ್ತಿರಲಿಲ್ಲ.

ಆ ಹುಡುಗನಿಗೆ ತಡವಾಗಿಯಾದರೂ ನನ್ನ ಉತ್ತರ ಇದು. ಶೋಧನೆ ಎಂದರೆ ನಮ್ಮನ್ನೇ ಹುಡುಕುವುದು, ಒಳಗೆ ಏನಿದೆ ಎಂದು ಜರಡಿ ಹಿಡಿಯುವುದು. ಜರಡಿ ತಪ್ಪದು. ಆ ಹೊತ್ತಿನಲ್ಲಿ ಒಂಟಿಯಾಗಬಾರದೆಂದು ಕ್ರೈಸ್ತರು ಪ್ರಾರ್ಥಿಸುತ್ತಾರೆ. ನಮ್ಮ ಶಾಲೆಯಲ್ಲೂ ದಿನಾಲು ಬೆಳಿಗ್ಗೆ ಪ್ರಾರ್ಥನೆ ಇದೆ. ಗಂಟೆ ಬಾರಿಸಿದ್ದಕ್ಕಷ್ಟೇ ಕೈಮುಗಿಯದೆ, ಆ ದಿನದ ಚೀಟಿಯನ್ನು ನೆನೆದು ಕೈಮುಗಿಯೋಣ.