ಸೂರಿಗೆ ಮೊದಲು ನೆಲೆ: ನಮ್ಮ ಸೀಮೆಯ ವಸತಿ ಚರಿತ್ರೆಯ ಕೆಲವು ಪುಟಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಈ ಗಾದೆ ನಿವೇಶನವುಳ್ಳವರ ಬಾಯಲ್ಲಿ ಹುಟ್ಟಿದ್ದು ಎಂಬುದನ್ನು ನಾವು ಗಮನಿಸುವುದು ಕಡಿಮೆ. ಮನೆ ಕಟ್ಟುವ ಕಷ್ಟವನ್ನು ಅನುಭವಿಸುವುದಕ್ಕೂ ಮೊದಲು ಕಟ್ಟಲು ಒಂದಿಷ್ಟು ನೆಲವಿರಬೇಕು, ಅದು ತನ್ನದೆಂದು ಹೇಳುವ ಒಂದು ಕಾಗದವಿರಬೇಕು. ಇವೆರಡೂ ಇಲ್ಲದವರ ಪಾಲಿಗೆ ಗಾದೆಯ ಮೊದಲರ್ಧ ಬರಿಯ ಮಾತು.

ಪ್ರಿಯ ಓದುಗರೇ, ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಲೇ ಬಾಳಿ, ಪಾಠ ಹೇಳಿ, ನಿವೃತ್ತನಾದವನು ನಾನು. ಸರ್ಕಾರಗಳು ಬಡವರಿಗೆ ಸೂರು ಕಲ್ಪಿಸಲು ಹೊರಟ ಚರಿತ್ರೆಯನ್ನು ನಮ್ಮ ಸೀಮೆಯಿಂದ ನಿಂತು ನೋಡಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಗಿ ತೋರುತ್ತದೆ. ಯಾವಾಗ ಜನರಿಗೆ ನೆಲೆ ಮೊದಲು ದೊರೆಯಿತೋ ಆಗ ಮನೆಗಳು ತಾವಾಗಿ ಎದ್ದವು. ಯಾವಾಗ ನೆಲೆಯ ಪ್ರಶ್ನೆಯನ್ನು ಬದಿಗಿಟ್ಟು ಗೋಡೆ-ಚಾವಣಿಗಳ ಲೆಕ್ಕ ಮಾತ್ರ ನಡೆಯಿತೋ ಆಗ ಹಣವೂ ವ್ಯರ್ಥವಾಯಿತು, ಜನರೂ ನೊಂದರು.

ಈ ಚರಿತ್ರೆಯ ಮೊದಲ ಪುಟವನ್ನು ಬರೆಸಿದ್ದು ಇಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಮಾರ್ಗ ಹಿಡಿದು 1898ರಲ್ಲಿ ಬೆಂಗಳೂರಿಗೆ ಬಂದಿತು. ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್ ಅವರು. ಮುಂದೆ ತಾವೇ ದಿವಾನರಾದ ವಿ.ಪಿ. ಮಾಧವರಾಯರು ಪ್ಲೇಗು ಕಮಿಷನರ್ ಆಗಿ ನಿಯುಕ್ತರಾದರು. ಕತ್ತಲೆ ಕವಿದ, ಗಾಳಿಯಾಡದ, ಒಂದಕ್ಕೊಂದು ಒತ್ತಿಕೊಂಡ ಮನೆಗಳೇ ರೋಗದ ಬೀಡು ಎಂಬ ಅರಿವಿನಿಂದ ಬೆಂಗಳೂರಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಸರ್ಕಾರವೇ ಅಗಲವಾದ ರಸ್ತೆ, ಚರಂಡಿಗಳ ಯೋಜನೆ ಹಾಕಿ ನಿವೇಶನಗಳನ್ನು ಹಂಚಿತು. ಮೈಸೂರು ನಗರಕ್ಕಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಬೆಂಗಳೂರಿಗೆ ಅಂಥದೇ ಮಂಡಳಿ ದೊರೆತದ್ದು 1945ರಲ್ಲಿ. ಊರನ್ನು ಯೋಜಿಸುವುದು, ಜನರಿಗೆ ವಾಸಯೋಗ್ಯ ನೆಲ ಒದಗಿಸುವುದು ರಾಜ್ಯದ ಕರ್ತವ್ಯ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಹೀಗೆ.

ಆದರೆ ಆ ಬಡಾವಣೆಗಳ ನಿವೇಶನಗಳು ಯಾರಿಗೆ ದೊರೆತವು? ಮನೆ ಕಟ್ಟಿಸುವ ಶಕ್ತಿಯುಳ್ಳ ನೌಕರರಿಗೆ, ವಕೀಲರಿಗೆ, ವರ್ತಕರಿಗೆ. ಅದೂ ಜಾತಿವಾರು ವಿಂಗಡಣೆಯಾಗಿ. ಹಳೆಯ ಪೇಟೆಯ ಓಣಿಗಳಲ್ಲಿ ಬಾಡಿಗೆಗಿದ್ದ ಕೂಲಿಯವರು ಬಹುಮಟ್ಟಿಗೆ ಅಲ್ಲಿಯೇ ಉಳಿದರು.

ನಮ್ಮ ಸೀಮೆಯ ಅನುಭವ ಇನ್ನೂ ಬೇರೆ. ಪ್ಲೇಗು ಬಂದ ಊರುಗಳಲ್ಲಿ ಮನೆಗಳ ಹೆಂಚು ಕೆಳಗಿಳಿಸಿ ಒಳಕ್ಕೆ ಬಿಸಿಲು ಬಿಡುತ್ತಿದ್ದರು. ಸಂಸಾರಗಳನ್ನು ಊರಾಚೆಯ ಶೆಡ್ಡುಗಳಿಗೆ ಕಳುಹಿಸುತ್ತಿದ್ದರು. ಈ ಕ್ರಮಗಳ ಹಿಂದಿನ ಕಾರಣವನ್ನು ಜನರಿಗೆ ಅವರ ಮಾತಿನಲ್ಲಿ ತಿಳಿಸಿ ಹೇಳಿದವರು ವಿರಳ. ಅದರ ಫಲವಾಗಿ 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಪ್ಲೇಗು ನಿಯಮಗಳ ವಿರುದ್ಧ ದೊಡ್ಡ ಗಲಭೆಯೇ ನಡೆಯಿತು. ನಮ್ಮ ಅಜ್ಜಿ ತಮ್ಮ ಬಾಲ್ಯದ ಪ್ಲೇಗಿನ ದಿನಗಳನ್ನು ಹೇಳುವಾಗ, "ಇಲಿ ಬಿತ್ತು ಅಂದ್ರೆ ಸಾಕು, ಮಡಕೆ-ಕುಡಿಕೆ ಹೊತ್ಕೊಂಡು ಹೊಲಕ್ಕೆ ಹೋಗ್ಬುಡೋದು ಕಣಪ್ಪ" ಎನ್ನುತ್ತಿದ್ದರು. ತೆಂಗಿನ ಗರಿಯ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕಳೆದರೂ ಅವರಿಗೆ ಅದು ನಿರಾಶ್ರಿತ ಬದುಕೆನಿಸಿರಲಿಲ್ಲ. ಏಕೆಂದರೆ ಗುಡಿಸಲು ನಿಂತಿದ್ದ ಹೊಲ ತಮ್ಮದು, ಹಿಂದಿರುಗಲು ಊರಿನಲ್ಲಿ ಮನೆಯಿತ್ತು. ಹೊಲವಿಲ್ಲದವರು ಎಲ್ಲಿಗೆ ಹೋಗುತ್ತಿದ್ದರೆಂದು ನಾನು ಒಮ್ಮೆ ಕೇಳಿದೆ. "ಇನ್ನೊಬ್ಬರ ಹೊಲದ ಬದೀಲಿ, ಅವರು ಬುಟ್ರೆ" ಎಂದರು. 'ಅವರು ಬಿಟ್ಟರೆ' ಎಂಬ ಆ ಮಾತಿನ ತೂಕ ನನಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದವು.

ಎರಡನೆಯ ಪುಟವನ್ನು ಬರೆಸಿದ್ದು ನೀರು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಪ್ರಾರಂಭವಾಯಿತು. ಹಳೆಯ ಕನ್ನಂಬಾಡಿಯೂ ಸೇರಿದಂತೆ ಹಲವು ಹಳ್ಳಿಗಳು ಮುಳುಗಿದವು. ಆ ಜನ ಎದ್ದು ಹೊಸ ಕನ್ನಂಬಾಡಿಯಂತಹ ಊರುಗಳನ್ನು ಕಟ್ಟಿಕೊಂಡರು. ಮುಳುಗಿದ್ದ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಜಾಗದಲ್ಲಿ ನಿಲ್ಲಿಸಿದ್ದನ್ನು ನೋಡಲು ದಿನವೂ ಜನ ಹೋಗುತ್ತಾರೆ. ಮುಳುಗಿದ ಮನೆಗಳ ಕಥೆಯನ್ನು ಕೇಳುವವರು ಕಡಿಮೆ.

ಅದೇ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಒಣನೆಲವನ್ನು ಗದ್ದೆಯಾಗಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆ ತೋಡಲು, ಕಬ್ಬು ಅರೆಯಲು, ಮೂಟೆ ಹೊರಲು ಹೊರಗಿನಿಂದ ಬಂದ ದುಡಿಮೆಗಾರರು ಕೆಲಸದ ಬಳಿಯೇ ಗುಡಿಸಲು ಹಾಕಿಕೊಂಡರು. ಅದಕ್ಕೂ ಮೊದಲು, 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುದಾಗಾರ ಆರಂಭವಾದಾಗ ಅಲ್ಲಿಯ 'ಬ್ಲಫ್'ನಲ್ಲಿ ನೌಕರರ ವಸತಿಗೃಹಗಳು ಎದ್ದಿದ್ದವು. ವಸತಿಗೃಹವೇನೋ ಸುಭದ್ರ, ಆದರೆ ಅದು ನೌಕರಿಯೊಡನೆ ಬಂದು ನೌಕರಿಯೊಡನೆಯೇ ಹೋಗತಕ್ಕದ್ದು. ಗುಡಿಸಲು ಹಾಕಿಕೊಂಡವನಿಗೆ ಅಷ್ಟು ಭರವಸೆಯೂ ಇಲ್ಲ. ಮಂಡ್ಯ ನಗರದ ಆಸ್ಪತ್ರೆಯ ಮಗ್ಗುಲಿನ ತಮಿಳು ಕಾಲೊನಿಯ ಸ್ಥಳಾಂತರದ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ಜಿಲ್ಲೆಯವರು ಬಲ್ಲರು. ಆಸ್ಪತ್ರೆ ಬೆಳೆಯಲು ಜಾಗ ಬೇಕು, ನಿಜ. ಆದರೆ ಕೂಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನೆಲೆ ಬೇಕೆಂಬ ಮಾತೂ ಅಷ್ಟೇ ನಿಜ. ದೂರದಲ್ಲಿ ಕಟ್ಟಿದ ಗಟ್ಟಿಮನೆಗಿಂತ ಕೆಲಸದ ಹತ್ತಿರದ ಜೋಪಡಿಯನ್ನು ಬಡವ ಆರಿಸಿಕೊಂಡರೆ ಅದು ಅವನ ಮೊಂಡುತನವಲ್ಲ, ಅವನ ಬದುಕಿನ ಲೆಕ್ಕ. 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದದ್ದು ಈ ಲೆಕ್ಕವನ್ನು ಮನಗಂಡೇ.

ಮೂರನೆಯ ಪುಟಕ್ಕೆ ದೇವರಾಜ ಅರಸರ ಹೆಸರು ತಾನಾಗಿ ಬರುತ್ತದೆ. 1972ರಲ್ಲಿ ಅವರು ಮುಖ್ಯಮಂತ್ರಿಯಾದ ಮೇಲೆ ನಿವೇಶನರಹಿತರಿಗೆ ಉಚಿತ ನಿವೇಶನ ಹಂಚುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1973ರಲ್ಲಿ ಕೊಳಚೆ ಪ್ರದೇಶಗಳ ಅಭಿವೃದ್ಧಿಯ ಕಾಯಿದೆ ಬಂದಿತು. 1974ರ ಭೂಸುಧಾರಣೆಯು ಉಳುವವನಿಗೆ ಹೊಲದ ಒಡೆತನ ಕೊಟ್ಟಿತು. ಆ ದಿನಗಳಲ್ಲಿ ನಾನು ಇನ್ನೂ ವಿದ್ಯಾರ್ಥಿ. ಹಳ್ಳಿಗಳ ಅಂಚಿನಲ್ಲಿ ಸಾಲಾಗಿ 'ಜನತಾ ಮನೆ'ಗಳು ಎದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದೇ ಕೋಣೆ, ಮುಂದೆ ಪುಟ್ಟ ಜಗಲಿ. ಕೆಲವೇ ವರ್ಷಗಳಲ್ಲಿ ಜಗಲಿಗೆ ಕಬ್ಬಿನ ಸೋಗೆ ಹೊದಿಸಿ ಅಡಿಗೆಮನೆ ಮಾಡಿಕೊಂಡರು. ಹಿತ್ತಿಲಲ್ಲಿ ನುಗ್ಗೆಗಿಡ ನೆಟ್ಟರು. ಮಗನ ಮದುವೆಯ ಹೊತ್ತಿಗೆ ಮತ್ತೊಂದು ಕೋಣೆ ಎಬ್ಬಿಸಿದರು. ಸರ್ಕಾರ ಕೊಟ್ಟದ್ದು ಒಂದು ಕೋಣೆ. ಉಳಿದದ್ದನ್ನು ಕಟ್ಟಿದ್ದು 'ಇನ್ನು ನಮ್ಮನ್ನು ಯಾರೂ ಎಬ್ಬಿಸಲಾರರು' ಎಂಬ ಧೈರ್ಯ.

ಈ ಪುಟದಲ್ಲಿ ಒಂದು ಕಪ್ಪು ಗೆರೆಯೂ ಇದೆ. ಎಷ್ಟೋ ಕಡೆ ದಲಿತರಿಗೆ ಕೊಟ್ಟ ನಿವೇಶನಗಳು ಊರಿನಿಂದ ಇನ್ನಷ್ಟು ಆಚೆಗೇ ಹೋದವು. ಹಳೆಯ ಕೇರಿಗೆ 'ಕಾಲೊನಿ' ಎಂಬ ಹೊಸ ಹೆಸರು ಬಂದಿತು. ದೂರ ಹಾಗೆಯೇ ಉಳಿಯಿತು. ನೆಲ ಕೊಡುವಾಗ ಎಲ್ಲಿಯ ನೆಲ ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಹೀಗೇ ಆಗುತ್ತದೆ.

ಅನಂತರದ ಯೋಜನೆಗಳ ಹೆಸರುಗಳು ಓದುಗರಿಗೆ ಪರಿಚಿತ. ಕೇಂದ್ರದ ಇಂದಿರಾ ಆವಾಸ್ 1985ರಲ್ಲಿ ಆರಂಭವಾಯಿತು. ರಾಜ್ಯದ ಆಶ್ರಯ ಯೋಜನೆ ಬಂದದ್ದು 1991-92ರಲ್ಲಿ. ಇವನ್ನೆಲ್ಲ ನಿರ್ವಹಿಸಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರಗಳಲ್ಲಿ 2015ರಲ್ಲಿಯೂ ಗ್ರಾಮಗಳಲ್ಲಿ 2016ರಲ್ಲಿಯೂ ಜಾರಿಯಾಯಿತು. ಮನೆಯನ್ನು ಹೆಣ್ಣುಮಗಳ ಹೆಸರಿಗೆ ಕೊಡುವ ಪದ್ಧತಿ ಇವುಗಳ ಬಹುದೊಡ್ಡ ಪುಣ್ಯಕಾರ್ಯ. ಕುಡಿತಕ್ಕೋ ಸಾಲಕ್ಕೋ ಸಿಕ್ಕಿ ಮನೆ ಕೈಬಿಟ್ಟು ಹೋಗದಂತೆ ಅದು ಎಷ್ಟು ಸಂಸಾರಗಳನ್ನು ಕಾದಿದೆಯೆಂಬುದನ್ನು ಹಳ್ಳಿಗಳಲ್ಲಿ ಪಾಠ ಹೇಳಿದ ಯಾವ ಉಪಾಧ್ಯಾಯರೂ ಹೇಳಬಲ್ಲರು. ಆದರೆ ಮನೆ ಕಟ್ಟಲು ಸಹಾಯಧನ ಪಡೆಯಬೇಕಾದರೆ ನಿವೇಶನದ ದಾಖಲೆ ತೋರಿಸಬೇಕು. ದಾಖಲೆಯುಳ್ಳ ಬಡವನಿಗೆ ಮನೆ. ಅದೂ ಇಲ್ಲದ ಕಡುಬಡವನಿಗೆ ಕಾಯುವ ಸರದಿ. 2017ರಲ್ಲಿ ಕಂದಾಯ ಸಚಿವರಾಗಿದ್ದ ಕಾಗೋಡು ತಿಮ್ಮಪ್ಪನವರ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ತಾಂಡಾ, ಹಟ್ಟಿ, ಹಾಡಿಗಳಲ್ಲಿ ತಲೆಮಾರುಗಳಿಂದ ವಾಸಿಸುತ್ತಿದ್ದವರಿಗೆ ತಮ್ಮ ಮನೆಯಡಿಯ ನೆಲದ ಹಕ್ಕು ದೊರೆಯುವ ದಾರಿ ತೆರೆಯಿತು. 'ವಾಸಿಸುವವನೇ ಮನೆಯೊಡೆಯ' ಎಂಬ ಮಾತು ಆಗ ಕೇಳಿಬಂದಿತು. ಅರಸರ ಕಾಲದ 'ಉಳುವವನೇ ಹೊಲದೊಡೆಯ' ಎಂಬ ಮಾತಿನ ಉಳಿದರ್ಧ ಅದು.

ಹಾಗಾದರೆ ಉಳಿದವರು ಯಾರು? 2001ರ ಜನಗಣತಿಯಲ್ಲಿ ದೇಶದ ವಸತಿರಹಿತರು 19.4 ಲಕ್ಷ, 2011ರಲ್ಲಿ 17.7 ಲಕ್ಷ. ಒಟ್ಟು ಸಂಖ್ಯೆ ಇಳಿಯಿತೆಂದು ಸಮಾಧಾನಪಡುವಂತಿಲ್ಲ. ಇಳಿದದ್ದು ಹಳ್ಳಿಗಳಲ್ಲಿ; ನಗರಗಳಲ್ಲಿ ಅದು 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತು. ಹಳ್ಳಿಯಲ್ಲಿ ನೆಲೆ ಕಳೆದುಕೊಂಡವರು ಪಟ್ಟಣದ ಬಸ್ ನಿಲ್ದಾಣ, ರೈಲು ನಿಲ್ದಾಣ, ಅಂಗಡಿಯ ಜಗಲಿಗಳಲ್ಲಿ ಮಲಗುತ್ತಿದ್ದಾರೆ. ಇವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ಒಂದು ರಾತ್ರಿ. ಆ ರಾತ್ರಿ ಯಾವುದೋ ಆಲೆಮನೆಯ ಹಿಂದೆ, ಕಬ್ಬಿನ ಗದ್ದೆಯ ಬದುವಿನ ಮೇಲೆ ಮಲಗಿದ್ದವರು ಲೆಕ್ಕಕ್ಕೆ ಸಿಗುವುದು ಕಷ್ಟ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ದಾಖಲಾತಿ ಪುಸ್ತಕದ 'ವಿಳಾಸ' ಕಲಮಿನ ಬಳಿ ನಿಂತು ನಾನು ಕೇಳಿದಾಗ, "ಆಲೆಮನೆ ಪಕ್ಕದ ಬಿಡಾರ ಸಾರ್" ಎಂದ. ಹಾಗೆಯೇ ಬರೆದುಕೊಂಡೆ. ಗಣಿತದಲ್ಲಿ ಚುರುಕಾದ ಹುಡುಗ. ವಿದ್ಯಾರ್ಥಿವೇತನಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಪಡಿತರ ಚೀಟಿ ಬೇಕು, ಚೀಟಿಗೆ ವಿಳಾಸ ಬೇಕು. ಆಲೆಮನೆ ನಿಂತಾಗ ಟಾರ್ಪಾಲು ಸುತ್ತಿಕೊಂಡು ಸಂಸಾರ ಹೊರಟುಹೋಯಿತು. ವರ್ಗಾವಣೆ ಪತ್ರ ಕೇಳಲು ಸಹ ಯಾರೂ ಬರಲಿಲ್ಲ. ಮನೆಯಿಲ್ಲವೆಂದರೆ ಮಳೆಯಲ್ಲಿ ನೆನೆಯುವುದೊಂದೇ ಅಲ್ಲ, ಯಾವ ಕಚೇರಿಯ ಪುಸ್ತಕದಲ್ಲಿಯೂ ಇಲ್ಲದಿರುವುದು ಎಂಬುದು ನನಗೆ ಮನದಟ್ಟಾದದ್ದು ಆ ಖಾಲಿ ಬೆಂಚಿನಿಂದ.

ನಮ್ಮ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಏನು ಮಾಡಬಹುದು? ಮೊದಲನೆಯದಾಗಿ, ಎಣಿಕೆ. ಹತ್ತು ವರ್ಷಕ್ಕೊಂದು ರಾತ್ರಿಯ ಎಣಿಕೆ ಸಾಲದು. ಕಬ್ಬು ಕಡಿಯುವ ಕಾಲದಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನಡೆಯಬೇಕು. ಎರಡನೆಯದು, ರಾತ್ರಿ ತಂಗುದಾಣ. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಸೂತ್ರ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣವೆಂದಿತ್ತು. 2011ರಲ್ಲಿಯೇ ಮಂಡ್ಯ ನಗರದ ಜನಸಂಖ್ಯೆ ಒಂದು ಲಕ್ಷ ಮೂವತ್ತೇಳು ಸಾವಿರವನ್ನು ದಾಟಿತ್ತು. ಆದರೆ ಮದ್ದೂರು, ಮಳವಳ್ಳಿಯಂತಹ ಸಣ್ಣ ಊರುಗಳು ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯ ಜಗಲಿಯ ಮೇಲೆ ಮಲಗುವವನಿಗೂ ಚಳಿ ಒಂದೇ. ಮೂರನೆಯದು, ನಿವೇಶನ ಹಂಚುವಾಗ ಕೆಲಸ, ಶಾಲೆ, ಆಸ್ಪತ್ರೆಗಳ ದೂರವನ್ನು ಅಳೆಯುವುದು. ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಮೊದಲಿನದು, ಹಕ್ಕುಪತ್ರ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿದ್ದಾರೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರು ರೂಪಾಯಿಯಂತೆ ಭಿಕ್ಷುಕರ ಕರ ವಸೂಲಾಗುತ್ತದೆ. ಆ ಹಣದ ಬಲದಿಂದ ನಡೆಯಬೇಕಾದ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಸುದ್ದಿ ನಾಡನ್ನೇ ತಲ್ಲಣಗೊಳಿಸಿತ್ತು. ಹಿಡಿದು ತಂದು ಒಂದು ಸೂರಿನಡಿ ಕೂಡಿದರೆ ನೆಲೆ ಕೊಟ್ಟಂತಾಗುವುದಿಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸ್ವಂತ ಮನೆಯುಳ್ಳ ನಾವು ಮುಂದಿನ ಬಾರಿ ಕಂದಾಯ ಕಟ್ಟಿ ಬಂದಾಗ ಆ ರಸೀದಿಯನ್ನು ಕಡತಕ್ಕೆ ಸೇರಿಸುವ ಮುನ್ನ ಒಮ್ಮೆ ಓದೋಣ. ಮನೆಯಿಲ್ಲದವರ ಹೆಸರಿನಲ್ಲಿ ನಾವು ತೆತ್ತ ಪಾಲು ಅದರಲ್ಲಿದೆ. ಆ ಪಾಲು ಎಲ್ಲಿಗೆ ಹೋಯಿತು, ಯಾರಿಗೆ ನೆಲೆಯಾಯಿತು ಎಂದು ಕೇಳುವ ಅಧಿಕಾರವನ್ನೂ ಆ ರಸೀದಿಯೇ ನಮಗೆ ಕೊಟ್ಟಿದೆ.