ಮೊಫಸಿಲ್ ಅಂದ್ರೆ ಹಳ್ಳಿ ಅಲ್ಲ!

ಸರಸ್ವತಿಪುರಂನ ಹಾಸ್ಟೆಲ್ಲಲ್ಲೋ ಪೀಜಿಯಲ್ಲೋ ಕೂತು ಇದನ್ನ ಕೇಳ್ತಾ ಇರೋರು ಎಷ್ಟೋ ಜನ ಶನಿವಾರ ಊರಿನ ಬಸ್ ಹತ್ತೋರು. ಹುಣಸೂರು, ಎಚ್.ಡಿ. ಕೋಟೆ, ತಿ. ನರಸೀಪುರ. ಹತ್ತೋ ಜಾಗಕ್ಕೆ ಬಾಯಲ್ಲಿ ‘ಸಬರ್ಬನ್’ ಅಂತೀವಿ, ಪೇಪರ್‌ನವರು ‘ಗ್ರಾಮಾಂತರ ಬಸ್ ನಿಲ್ದಾಣ’ ಅಂತ ಬರೀತಾರೆ. ತಮಾಷೆ ಏನಂದ್ರೆ, ಬೆಂಗಳೂರಿನ ಬಸ್ಸೂ ಅಲ್ಲಿಂದಲೇ ಹೊರಡುತ್ತೆ. ಅಂದ್ರೆ ಸಿಟಿ ಬಸ್ ಹೋಗದ ಜಾಗವೆಲ್ಲ ಗ್ರಾಮಾಂತರ!

ಈ ಲೆಕ್ಕಾಚಾರ ಹೊಸದಲ್ಲ. ಬ್ರಿಟಿಷರ ಕಾಲದ ಇಂಗ್ಲಿಷ್‌ನಲ್ಲಿ ಇದಕ್ಕೊಂದು ಪದ ಇತ್ತು: ಮೊಫಸಿಲ್. ಚೆನ್ನೈನ ಕೋಯಂಬೇಡು ನಿಲ್ದಾಣ 2002ರಲ್ಲಿ ಶುರುವಾದಾಗ ‘ಚೆನ್ನೈ ಮೊಫಸಿಲ್ ಬಸ್ ಟರ್ಮಿನಸ್’ ಅಂತಲೇ ಹೆಸರಿಟ್ಟರು. ನಮ್ಮ ಪತ್ರಿಕಾ ಕಚೇರಿಗಳಲ್ಲಿ ತಾಲ್ಲೂಕುಗಳಿಂದ ಬರುವ ಸುದ್ದಿ ಮೊಫಸಿಲ್ ಸುದ್ದಿ.

ಪದ ಇಂಗ್ಲಿಷಿಗೆ ಹೋಗಿದ್ದು ಹಿಂದೂಸ್ತಾನಿಯಿಂದ, ಅದರ ಮೂಲ ಅರಬಿ. ‘ಮುಫಸ್ಸಲ್’ ಅಂದ್ರೆ ಬೇರ್ಪಡಿಸಿದ್ದು, ಬಿಡಿಬಿಡಿಯಾಗಿಸಿದ್ದು. ಇದೇ ಧಾತುವಿನ ಇನ್ನೆರಡು ಪದ ನಮ್ಮ ಮನೆಯಲ್ಲೇ ಇವೆ. ಗದ್ದೆಯ ‘ಫಸಲು’, ಕೋರ್ಟಿನ ‘ಫೈಸಲ್’. ಅಪ್ಪ ಫಸಲು ಮಾರಿ ಜಮೀನಿನ ಕೇಸು ಫೈಸಲ್ ಆಗಲಿ ಅಂತ ಅಲೆಯೋವಾಗ ಮೊಫಸಿಲ್‌ನ ನೆಂಟರನ್ನೇ ಮಾತಾಡಿಸ್ತಿರ್ತಾರೆ.

ಇದಕ್ಕೆ ಎದುರಾಳಿ ಪದ ‘ಸದರ್’, ಅಂದ್ರೆ ಮುಖ್ಯ ಸ್ಥಾನ. ದಸ್ತಾವೇಜಿನ ‘ಸದರಿ’ ಇದರದೇ ಮಗು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಜಿಲ್ಲೆಗಳಿಗೆ ಮೊಫಸಿಲ್ ದಿವಾನಿ ಅದಾಲತ್‌ಗಳನ್ನ, ಅಪೀಲಿಗೆ ಕಲ್ಕತ್ತಾದಲ್ಲಿ ಸದರ್ ಅದಾಲತ್ ಮಾಡಿದ. ಗಮನಿಸಿ, ಇಲ್ಲಿ ಹಳ್ಳಿ ಅನ್ನೋ ಅರ್ಥವೇ ಇಲ್ಲ. ಅಧಿಕಾರ ಕೂತ ಊರು ಬಿಟ್ಟು ಮಿಕ್ಕಿದ್ದೆಲ್ಲ ಮೊಫಸಿಲ್. ಆ ಲೆಕ್ಕದಲ್ಲಿ ಬಾಂಬೆಗೆ ಧಾರವಾಡವೂ ಮೊಫಸಿಲ್ಲೇ.

ಇವತ್ತಿನ ಕಾನೂನೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತೆ. ರಾಜ್ಯ ಸರ್ಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25 ಮೀಸಲು. ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಗ್ರಾಮೀಣ ಅಂದ್ರೇನು? ಹೊಲ, ದನ, ಕೆರೆ ಯಾವುದೂ ಲೆಕ್ಕಕ್ಕಿಲ್ಲ. ನಗರ, ಪಟ್ಟಣ ಅಂತ ಘೋಷಣೆಯಾಗದ ಪ್ರದೇಶ, ಅಷ್ಟೇ. ಒಂದು ಶಾಲೆ ಪಟ್ಟಣ ಪಂಚಾಯಿತಿಯ ಗಡಿಯ ಈಚೆಗಿದೆಯೋ ಆಚೆಗಿದೆಯೋ ಅನ್ನೋದರ ಮೇಲೆ ಒಬ್ಬರ ಕೆಲಸ ನಿಂತಿರಬಹುದು.

ಇನ್ನು ‘ಗ್ರಾಮಾಂತರ’. ದೇಶಾಂತರ ಅಂದ್ರೆ ಬೇರೆ ದೇಶ, ಗ್ರಾಮಾಂತರ ಅಂದ್ರೆ ಅಕ್ಷರಶಃ ಬೇರೆ ಊರು. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ಒಂದು ಭಾಗಕ್ಕೆ ಈ ಪದವೇ ಹೆಸರಾಯ್ತು. ಅದನ್ನ ‘ಬೆಂಗಳೂರು ಉತ್ತರ’ ಮಾಡೋಕೆ 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಒಪ್ಪಿತು. ಬೆಂಗಳೂರು ಅನ್ನೋ ಬ್ರ್ಯಾಂಡ್ ಉಳೀತು, ಹಳ್ಳಿ ಹೋಯ್ತು. ಆದ್ರೆ ದೊಡ್ಡಬಳ್ಳಾಪುರ ಕಡೆಯ ಹಳ್ಳಿ ಶಾಲೆಯಲ್ಲಿ ಓದಿದ ಹುಡುಗಿ ಕೆಪಿಎಸ್‌ಸಿ ಅರ್ಜಿ ಹಾಕುವಾಗ ವಿಳಾಸದಲ್ಲಿ ಏನೇ ಬರೀಲಿ, ಹೆಡ್‌ಮಾಸ್ಟರ್ ಮತ್ತು ಬಿಇಒ ರುಜು ಇರೋ ‘ಗ್ರಾಮೀಣ’ ಪತ್ರ ಮಾತ್ರ ತರಲೇಬೇಕು.